ಫೈಲ್ ಬಂತು, ಅಕ್ಷರ ಬರಲಿಲ್ಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ದೊಡ್ಡ ಊರಿನ ದೊಡ್ಡ ಕಚೇರಿಗಳಲ್ಲಿ ಇಂಥದ್ದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಹಿರಿಯೂರಿನ ಫೋಟೋ ಸ್ಟುಡಿಯೊಗೆ, ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಗೆ, ಹೊಳಲ್ಕೆರೆಯಲ್ಲಿ ಅರ್ಜಿ ಬರೆದುಕೊಡುವ ಡಿಟಿಪಿ ಅಂಗಡಿಗೆ ಯಾವ ವಿಭಾಗವೂ ಇಲ್ಲ. ಅವರಿಗೆ ಇರುವುದು ಪರಿಚಯದ ಒಬ್ಬ ಸರ್ವೀಸ್ ಹುಡುಗ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಬಾಯಿಂದ ಬಾಯಿಗೆ ಬಂದ ಒಂದಿಷ್ಟು ನಂಬಿಕೆ. ಈ ನಂಬಿಕೆಗಳು ಪೂರ್ತಿ ಸುಳ್ಳಾಗಿದ್ದರೆ ಯಾವತ್ತೋ ಬಿದ್ದುಹೋಗುತ್ತಿದ್ದವು. ಅರ್ಧ ನಿಜ ಇರುವುದಕ್ಕೇ ಇಷ್ಟು ವರ್ಷ ಬಾಳಿವೆ.

ಬ್ಯಾಕಪ್ ತಗೊಳ್ಳಿ ಎಂದು ಹೇಳುವವರು ಬೇಕಾದಷ್ಟು ಜನ. ತೆಗೆದಿಟ್ಟದ್ದನ್ನು ಹೊಸ ಸಿಸ್ಟಂಗೆ ವಾಪಸ್ ತರುವಾಗ ಏನೇನು ಕೈಕೊಡುತ್ತದೆ ಎಂದು ಹೇಳುವವರು ಕಡಿಮೆ. ಕೈಕೊಡುವುದು ಹೆಚ್ಚಾಗಿ ಫೈಲೇ ಅಲ್ಲ, ಅದನ್ನು ಓದಿಸುವ ಸರಂಜಾಮು: ಫಾಂಟು, ಪಾಸ್‌ವರ್ಡು, ರಿಕವರಿ ಕೀ, ಸಾಫ್ಟ್‌ವೇರು. ನಮ್ಮ ಕಡೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

"ವಿಂಡೋಸ್ 10 ನಿಂತೋಯ್ತಂತೆ, ಇನ್ನು ಹಳೇ ಫೈಲ್ ತೆರೆಯಲ್ಲ"

ನಿಂತದ್ದು ಸುರಕ್ಷತಾ ಅಪ್‌ಡೇಟು, ಕಂಪ್ಯೂಟರಲ್ಲ. ನಿನ್ನೆ ತೆರೆದ ಫೈಲು ನಾಳೆಯೂ ತೆರೆಯುತ್ತದೆ. ಮನೆಬಳಕೆಯ ಕಂಪ್ಯೂಟರುಗಳು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟು ಪಡೆಯುವ ಅವಕಾಶವನ್ನೂ ಕಂಪನಿ ಕೊಟ್ಟಿತು. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ವರ್ಷಗಟ್ಟಲೆ ಓಡಿಸಬಾರದು, ಅದು ಸರಿ. ಆದರೆ "ಇವತ್ತೇ ಫಾರ್ಮ್ಯಾಟ್ ಹೊಡೆಸಿಬಿಡೋಣ" ಎಂಬ ಧಾವಂತಕ್ಕೆ ಕಾರಣವಿಲ್ಲ. ಫೈಲುಗಳು ಕಳೆಯುವುದು ಹೆಚ್ಚಾಗಿ ಆ ಧಾವಂತದ ದಿನವೇ.

"ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್, ಡಿ ಡ್ರೈವ್ ಸೇಫು"

ಸರ್ವೀಸ್ ಅಂಗಡಿಗಳ ಮೂಲಮಂತ್ರ ಇದು. ವಿಂಡೋಸ್ ಎಕ್ಸ್‌ಪಿ ಮತ್ತು 7ರ ಕಾಲದಲ್ಲಿ ಈ ಮಂತ್ರ ಸಾಕಷ್ಟು ಫಲ ಕೊಟ್ಟಿತು. ಈಗ ಇದರಲ್ಲಿ ಮೂರು ತೂತುಗಳಿವೆ.

ಮೊದಲನೆಯದು, ಡಿ ಡ್ರೈವ್‌ನಲ್ಲಿದೆ ಎಂದುಕೊಂಡದ್ದು ಅಲ್ಲಿ ಇರುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ಇರುವುದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ. ನಮ್ಮಲ್ಲಿ ಅರ್ಜೆಂಟ್ ಕೆಲಸವೆಲ್ಲ ನಡೆಯುವುದೇ ಡೆಸ್ಕ್‌ಟಾಪ್ ಮೇಲೆ. ಮದುವೆ ಆಮಂತ್ರಣ, ಪಹಣಿಯ ಸ್ಕ್ಯಾನು, ಮಗಳ ಅಂಕಪಟ್ಟಿ, ಸಂಘದ ಲೆಕ್ಕ ಎಲ್ಲ ಅಲ್ಲಿಯೇ ಹರಡಿಕೊಂಡಿರುತ್ತದೆ. "ಮುಖ್ಯವಾದ್ದೆಲ್ಲ ಡಿ ಡ್ರೈವ್‌ಗೆ ಹಾಕಿದ್ದೀನಿ" ಎನ್ನುವವರ ಡೆಸ್ಕ್‌ಟಾಪನ್ನು ಒಮ್ಮೆ ನೋಡಿ. ಇಷ್ಟು ಸಾಲದು ಎಂಬಂತೆ ಆ್ಯಪ್‌ಡೇಟಾ ಎಂಬ ಫೋಲ್ಡರು ಕಣ್ಣಿಗೇ ಬೀಳುವುದಿಲ್ಲ. ವಿಂಡೋಸ್ ಅದನ್ನು ಮರೆಮಾಡಿ ಇಟ್ಟಿರುತ್ತದೆ. ಬ್ರೌಸರಿನ ಬುಕ್‌ಮಾರ್ಕು, ಉಳಿಸಿದ ಪಾಸ್‌ವರ್ಡು, ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟ ಸಣ್ಣಪುಟ್ಟ ಟಿಪ್ಪಣಿಗಳ ಮನೆ ಅದು.

ಎರಡನೆಯದು, ಬಹುಪಾಲು ಯಂತ್ರಗಳಲ್ಲಿ ಸಿ ಮತ್ತು ಡಿ ಬೇರೆಬೇರೆ ಡಿಸ್ಕುಗಳಲ್ಲ, ಒಂದೇ ಡಿಸ್ಕಿನ ಎರಡು ಪಾಲು. ಒಂದೇ ಹಗೇವಿನ ನಡುವೆ ಗೋಡೆ ಎಬ್ಬಿಸಿ ರಾಗಿ, ಜೋಳ ಬೇರೆ ಮಾಡಿದ ಹಾಗೆ. ನೀರು ನುಗ್ಗಿದರೆ ಎರಡೂ ಹೋಗುತ್ತವೆ.

ಮೂರನೆಯದು ಹೊಸ ತೂತು, ವಿಂಡೋಸ್ 11ರ ಜೊತೆ ಬಂದದ್ದು. ಈ ಆವೃತ್ತಿಗೆ ಟಿಪಿಎಂ 2.0 ಚಿಪ್ಪು, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಬೇಕು. ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗಬೇಕಾದರೆ ಡಿಸ್ಕು ಜಿಪಿಟಿ ಎಂಬ ಹೊಸ ವಿಂಗಡಣೆಯಲ್ಲಿರಬೇಕು. ಹಳೆಯ ಯಂತ್ರಗಳಲ್ಲಿ ಅದು ಎಂಬಿಆರ್ ಎಂಬ ಹಿಂದಿನ ಪದ್ಧತಿಯಲ್ಲಿರುತ್ತದೆ. ಇನ್‌ಸ್ಟಾಲ್ ಮಾಡುವಾಗ "ಈ ಡಿಸ್ಕಿನಲ್ಲಿ ಹಾಕಲಾಗದು" ಎಂಬ ಸಂದೇಶ ಬಂದರೆ ಅವಸರದ ಹುಡುಗ ಎಲ್ಲ ಪಾರ್ಟಿಷನ್ನುಗಳನ್ನೂ ಡಿಲೀಟ್ ಮಾಡಿ ಮುಂದುವರಿಯುತ್ತಾನೆ. ಸಿ ಜೊತೆ ಡಿ ಕೂಡ ಹೋಯಿತು. ಡೇಟಾ ಅಳಿಸದೆ ಎಂಬಿಆರ್ ಡಿಸ್ಕನ್ನು ಜಿಪಿಟಿಗೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರ ಒಳಗೇ ಇದೆ. ಅಂಗಡಿಗೆ ಯಂತ್ರ ಕೊಡುವಾಗ "ಪಾರ್ಟಿಷನ್ ಡಿಲೀಟ್ ಮಾಡುವ ಮುಂಚೆ ಒಂದು ಫೋನ್ ಮಾಡಪ್ಪಾ" ಎಂದು ಹೇಳಿಬರುವುದು ಸಂಕೋಚದ ವಿಷಯವಲ್ಲ.

"ಹಳೇದೆಲ್ಲ ವಿಂಡೋಸ್.ಓಲ್ಡ್ ಒಳಗೆ ಇದ್ದೇ ಇರುತ್ತೆ"

ಇರುತ್ತದೆ, ಹತ್ತು ದಿನ. ಫಾರ್ಮ್ಯಾಟ್ ಮಾಡದೆ, ಇದ್ದ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದಾಗ ಹಿಂದಿನ ಆವೃತ್ತಿಯನ್ನು ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ ಎತ್ತಿಡಲಾಗುತ್ತದೆ. ಯಾವ ಫೈಲು ಕಾಣೆಯಾದರೂ ಮೊದಲು ಅದರೊಳಗಿನ ಯೂಸರ್ಸ್ ಫೋಲ್ಡರಿನಲ್ಲಿ ಹುಡುಕಬೇಕು. ಹತ್ತು ದಿನವಾದ ಮೇಲೆ ವಿಂಡೋಸ್ ತಾನಾಗಿ ಆ ಫೋಲ್ಡರನ್ನು ಅಳಿಸುತ್ತದೆ, ಕೇಳಿಕೊಂಡು ಅಳಿಸುವುದಿಲ್ಲ. ಕಮಾಂಡ್ ಗೊತ್ತಿದ್ದವರು ಈ ಅವಧಿಯನ್ನು 60 ದಿನಕ್ಕೆ ಹಿಗ್ಗಿಸಬಹುದು, ಆದರೆ ಹತ್ತು ದಿನ ಮುಗಿಯುವುದರೊಳಗೆ. ಡಿಸ್ಕ್ ಕ್ಲೀನಪ್ ಓಡಿಸಿ "ಜಾಗ ಖಾಲಿ ಮಾಡಿಕೊಟ್ಟೆ" ಎಂದು ಹೆಮ್ಮೆಪಡುವ ನೆಂಟರ ಹುಡುಗ ಇದ್ದರೆ ಅವಧಿ ಇನ್ನೂ ಮುಂಚೆಯೇ ಮುಗಿಯುತ್ತದೆ. ಫಾರ್ಮ್ಯಾಟ್ ಮಾಡಿ ಹಾಕಿದ ಸಿಸ್ಟಂನಲ್ಲಂತೂ ಈ ಫೋಲ್ಡರು ಇರುವುದೇ ಇಲ್ಲ. ವಿಂಡೋಸ್ 7ರಿಂದ ಒಮ್ಮೆಲೇ 11ಕ್ಕೆ ಹಾರಿದವರಿಗೆ ಫೈಲು ಉಳಿಸಿಕೊಂಡು ಮೇಲೇರುವ ದಾರಿಯೇ ಇರಲಿಲ್ಲ.

"ಫೈಲ್ ಕರಪ್ಟ್ ಆಗಿದೆ, ಬರೀ ಚಿತ್ರವಿಚಿತ್ರ ಅಕ್ಷರ"

ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೇ ಮೀಸಲಾದ ಕಷ್ಟ ಇದು, ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇದರ ಸುಳಿವೂ ಸಿಗುವುದಿಲ್ಲ. ಬ್ಯಾಕಪ್‌ನಿಂದ ಹಳೆಯ ವರ್ಡ್ ಫೈಲನ್ನು ತಂದು ತೆರೆಯುತ್ತೀರಿ. "ಕನ್ನಡ" ಎಂದು ಇರಬೇಕಾದ ಕಡೆ ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಜರ್ಮನ್ನರು ಬರೆಯುವ ಒಂದು ಎಸ್. ಇಪ್ಪತ್ತು ವರ್ಷದ ಪತ್ರವ್ಯವಹಾರ ಕೆಟ್ಟುಹೋಯಿತು ಎಂದು ಜನ ಫೈಲನ್ನೇ ಅಳಿಸಿಬಿಡುತ್ತಾರೆ.

ಫೈಲಿನ ಒಂದು ಅಕ್ಷರವೂ ಅಲುಗಿಲ್ಲ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ನುಡಿ ಅದರ ಬೆನ್ನಿಗೇ ಬಂತು. ಮುದ್ರಣಾಲಯಗಳಲ್ಲಿ ಶ್ರೀಲಿಪಿ ನಡೆಯುತ್ತಿತ್ತು. ಆ ಕಾಲದ ಈ ತಂತ್ರಾಂಶಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಉಳಿಸುತ್ತಿದ್ದವು. ಆ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸುತ್ತಿದ್ದದ್ದು ಫಾಂಟು. ಹೊಸ ವಿಂಡೋಸ್‌ನಲ್ಲಿ ನುಡಿಯ ಫಾಂಟಿಲ್ಲ, ಹಾಗಾಗಿ ಹೊದಿಕೆ ಸರಿದು ಒಳಗಿನದು ಕಾಣುತ್ತಿದೆ, ಅಷ್ಟೇ. ಜಿಲ್ಲೆಯ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಸ್ಥಳೀಯ ಪತ್ರಿಕೆಗಳಲ್ಲಿ ಒಂದು ತಲೆಮಾರಿನ ಬರವಣಿಗೆಯೆಲ್ಲ ಹೀಗೇ ಕೂತಿದೆ.

ಮೊದಲ ಚಿಕಿತ್ಸೆ ಸುಲಭ. ಆ ಫಾಂಟನ್ನು ಮತ್ತೆ ಹಾಕಿ. ವಿಂಡೋಸ್.ಓಲ್ಡ್ ಇನ್ನೂ ಇದ್ದರೆ ಅದರೊಳಗಿನ ವಿಂಡೋಸ್, ಅದರೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ಹಳೆಯ ಫಾಂಟುಗಳೆಲ್ಲ ಸಿಗುತ್ತವೆ. ಇಲ್ಲವೇ ನುಡಿ ಅಥವಾ ಬರಹವನ್ನೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರಾಯಿತು. ಫೈಲು ತೆರೆದ ಕೂಡಲೇ ಅದರದೊಂದು ಪಿಡಿಎಫ್ ಮಾಡಿಟ್ಟುಕೊಳ್ಳಿ. ಪಿಡಿಎಫ್ ಒಳಗೆ ಫಾಂಟೂ ಅಡಕವಾಗುವುದರಿಂದ ಯಾವ ಯಂತ್ರದಲ್ಲೂ ಓದಬಹುದು. ಆದರೆ ಆ ಪಿಡಿಎಫ್‌ನಿಂದ ನಕಲು ತೆಗೆದು ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಪೌಂಡ್ ಚಿಹ್ನೆಗಳೇ ಮತ್ತೆ ಬರುತ್ತವೆ, ಒಳಗಿನ ಸಂಕೇತ ಬದಲಾಗಿಲ್ಲವಲ್ಲ.

ನಿಜವಾದ ಪರಿಹಾರ ಯೂನಿಕೋಡ್‌ಗೆ ಪರಿವರ್ತನೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳಿವೆ, ಅವು ಯಾವ ಫಾಂಟಿನ ಮರ್ಜಿಗೂ ಸಿಕ್ಕಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ವಿಂಡೋಸ್‌ಗೆ ಅದನ್ನು ತೋರಿಸುವ ಶಕ್ತಿ ಬಂದದ್ದು ಎಕ್ಸ್‌ಪಿಯ ಜೊತೆ, ತುಂಗಾ ಎಂಬ ಫಾಂಟಿನ ಮೂಲಕ. ನಮ್ಮ ಅಂಗಡಿಗಳು ಅದನ್ನು ನಂಬುವ ಹೊತ್ತಿಗೆ ಇನ್ನೂ ಹತ್ತು ಹದಿನೈದು ವರ್ಷ ಹಿಡಿಯಿತು. ಹಳೆಯ ಪಠ್ಯವನ್ನು ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ನುಡಿ ಮತ್ತು ಬರಹದ ಸಂಕೇತ ಬಹುಪಾಲು ಒಂದೇ ಆದ್ದರಿಂದ ಒಂದೇ ಪರಿವರ್ತಕ ಎರಡಕ್ಕೂ ನಡೆಯುತ್ತದೆ. ಶ್ರೀಲಿಪಿಯದು ಬೇರೆ ದಾರಿ.

ಇಲ್ಲೊಂದು ಗುಂಡಿ ಇದೆ. ಹಳೆಯ ಫೈಲಿನಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಪರಿವರ್ತಕಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಒಂದೇ ಸಂಕೇತದಲ್ಲಿವೆ. ಅದು ಇಂಗ್ಲಿಷ್ ಹೆಸರನ್ನೂ ಅರ್ಥವಿಲ್ಲದ ಕನ್ನಡ ಮಾಡಿ ಕೊಡುತ್ತದೆ. ಅರ್ಕಾವತ್ತು, ಒತ್ತಕ್ಷರಗಳಲ್ಲೂ ಅಲ್ಲಲ್ಲಿ ಎಡವುತ್ತದೆ. ಹಾಗಾಗಿ ಪರಿವರ್ತಿಸಿದ ಮೇಲೆ ಮೂಲ ಫೈಲನ್ನು ಅಳಿಸಬೇಡಿ. ಎರಡನ್ನೂ ಇಟ್ಟುಕೊಳ್ಳಿ, ಮುಖ್ಯ ಕಾಗದಗಳನ್ನು ಕಣ್ಣಿಟ್ಟು ಓದಿ. ಕ್ರಯಪತ್ರದ ಕರಡಿನಲ್ಲಿ ಸರ್ವೆ ನಂಬರ್ ತಪ್ಪಿದರೆ ಪರಿವರ್ತಕ ಬಂದು ಸಾಕ್ಷಿ ಹೇಳುವುದಿಲ್ಲ.

ಭಾಷೆಯನ್ನು ಕಂಪ್ಯೂಟರಿಗೆ ಒಗ್ಗಿಸುವ ಕೆಲಸ ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೊಸದೇನಲ್ಲ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸೂತ್ರಗಳ ಮೇಲೆ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನೇ ರೂಪಿಸಿದವರು, ಅದು ಈಗ ಜಾಲತಾಣದಲ್ಲೂ ಇದೆ. ಕಾಲಕ್ಕೆ ತಕ್ಕ ರೂಪಕ್ಕೆ ದಾಟಿಸಿದ ಕೆಲಸ ಉಳಿಯುತ್ತದೆ. ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಸ್ಮರಣಸಂಚಿಕೆಗಳಿಗೆ ಆ ಭಾಗ್ಯವಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಫೈಲುಗಳನ್ನು ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯುತ್ತಿತ್ತು, ಆಮೇಲಿನ ಸಿಸಿ ಆವೃತ್ತಿಗಳು ಮುಟ್ಟುವುದೂ ಇಲ್ಲ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಅಂಥ ಪುಟಗಳನ್ನು ಪಿಡಿಎಫ್ ಮಾಡಿ ಹೊರಗೆ ತಂದುಬಿಡಬೇಕು.

"ಟ್ಯಾಲಿ ಫೋಲ್ಡರ್ ಕಾಪಿ ಇದೆ, ಹಾಕಿದ್ರೆ ಆಯ್ತು"

ಭೀಮಸಮುದ್ರದ ಅಡಿಕೆ ಮಂಡಿ ಇರಲಿ, ಚಿತ್ರದುರ್ಗದ ಎಪಿಎಂಸಿ ಯಾರ್ಡ್ ಇರಲಿ, ಲೆಕ್ಕ ಎಂದರೆ ಟ್ಯಾಲಿ. ಇಲ್ಲಿ ಎರಡು ತಪ್ಪುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ.

ಒಬ್ಬರು ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ, ಸಾಫ್ಟ್‌ವೇರ್ ಬಂದೇ ಬಂತು ಎಂದುಕೊಳ್ಳುತ್ತಾರೆ. ಬಹಳಷ್ಟು ತಂತ್ರಾಂಶಗಳು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಸಿಸ್ಟಂ ಫೋಲ್ಡರುಗಳಲ್ಲಿ ಬೇರು ಬಿಟ್ಟಿರುತ್ತವೆ. ಫೋಲ್ಡರ್ ಕಿತ್ತು ತಂದು ನೆಟ್ಟರೆ ಅವು ಚಿಗುರುವುದಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಇನ್ನೊಬ್ಬರು ಡಾಕ್ಯುಮೆಂಟ್ಸ್ ಫೋಲ್ಡರನ್ನು ಮಾತ್ರ ಎತ್ತಿಟ್ಟು ನೆಮ್ಮದಿಯಾಗಿರುತ್ತಾರೆ. ಟ್ಯಾಲಿಯ ಲೆಕ್ಕ ಅಲ್ಲಿ ಇರುವುದೇ ಇಲ್ಲ. ಟ್ಯಾಲಿಪ್ರೈಮ್ ಆದರೆ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಪಬ್ಲಿಕ್ ಎಂಬ ಫೋಲ್ಡರಿನಲ್ಲಿ, ಹಳೆಯ ಇಆರ್‌ಪಿ 9 ಆದರೆ ಅದರದೇ ಫೋಲ್ಡರಿನ ಡೇಟಾ ಎಂಬ ಒಳಕೋಣೆಯಲ್ಲಿ ಇರುತ್ತದೆ. ಅಲ್ಲೂ ಅಂಗಡಿಯ ಹೆಸರು ಕಾಣುವುದಿಲ್ಲ. ಪ್ರತಿ ಕಂಪನಿಗೂ 10000, 10001 ಎಂಬಂಥ ಬರೀ ಅಂಕಿಯ ಫೋಲ್ಡರು. ಗೊತ್ತಿಲ್ಲದವರಿಗೆ ಅದು ಕಸ. ಬ್ಯಾಕಪ್ ತೆಗೆಯುವಾಗ ಬಿಟ್ಟುಹೋಗುವುದು, ಜಾಗ ಸಾಲದೆ ಬಂದರೆ ಮೊದಲು ಡಿಲೀಟ್ ಆಗುವುದು ಅದೇ.

ವಾಪಸ್ ತರುವಾಗ ಇನ್ನಷ್ಟು ಜಾಗ್ರತೆ ಬೇಕು. ಟ್ಯಾಲಿಯ ಹೊಸ ಆವೃತ್ತಿ ಹಳೆಯ ಡೇಟಾವನ್ನು ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಒಮ್ಮೆ ಬದಲಾದ ಡೇಟಾವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಆದ್ದರಿಂದ ಹೊಸ ಟ್ಯಾಲಿಗೆ ಕೊಡಬೇಕಾದ್ದು ನಕಲನ್ನು, ಇರುವ ಒಂದೇ ಪ್ರತಿಯನ್ನಲ್ಲ. ಲೈಸೆನ್ಸ್ ಇದ್ದವರು ಫಾರ್ಮ್ಯಾಟ್‌ಗೆ ಮುಂಚೆ ಹಳೆಯ ಯಂತ್ರದಲ್ಲಿ ಅದನ್ನು ಸರೆಂಡರ್ ಮಾಡಿದರೆ ಹೊಸದರಲ್ಲಿ ತೊಂದರೆಯಿಲ್ಲದೆ ಸಕ್ರಿಯವಾಗುತ್ತದೆ. ಮರೆತರೆ ಟ್ಯಾಲಿ ಎಜುಕೇಷನ್ ಮೋಡ್‌ನಲ್ಲಿ ತೆರೆದು, ತಿಂಗಳ 1, 2 ಮತ್ತು 31ನೇ ತಾರೀಕು ಮಾತ್ರ ನಮೂದಿಸಲು ಬಿಡುತ್ತದೆ. ಕೊಯ್ಲಿನ ಕಾಲದಲ್ಲಿ ಮಂಡಿಯ ಗುಮಾಸ್ತರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಡ. ಜಿಎಸ್‌ಟಿ ಕಾನೂನಿನ ಪ್ರಕಾರ, ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. "ಸಿಸ್ಟಂ ಫಾರ್ಮ್ಯಾಟ್ ಆಯ್ತು ಸಾರ್" ಎಂಬ ಉತ್ತರಕ್ಕೆ ಅದರಲ್ಲಿ ಜಾಗವಿಲ್ಲ.

"ಹಳೇ ಹಾರ್ಡ್ ಡಿಸ್ಕ್ ತೆಗೆದಿಟ್ಟಿದ್ದೀನಿ, ಅದೇ ನನ್ನ ಬ್ಯಾಕಪ್"

ಇದು ಒಳ್ಳೆಯ ಅಭ್ಯಾಸವೇ. ಆದರೆ ಆ ಡಿಸ್ಕು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿದಾಗಲೂ ಬಾಯಿ ಬಿಡುತ್ತದೆಯೇ ಎಂದು ನೋಡಿರಬೇಕು. ಹಳೆಯ ಯೂಸರ್ ಫೋಲ್ಡರ್ ತೆರೆಯಹೋದರೆ "ಅನುಮತಿಯಿಲ್ಲ" ಎಂಬ ಸಂದೇಶ ಬರಬಹುದು. ಹೊಸ ವಿಂಡೋಸ್‌ನಲ್ಲಿ ಹೆಸರು ಅದೇ ಇಟ್ಟಿದ್ದರೂ ಒಳಗಿನ ಗುರುತಿನ ಸಂಖ್ಯೆ ಬೇರೆ, ಅದಕ್ಕೆ ಈ ತಕರಾರು. ಅಡ್ಮಿನಿಸ್ಟ್ರೇಟರ್ ಆಗಿ ಒಡೆತನ ತೆಗೆದುಕೊಂಡರೆ ತೆರೆಯುತ್ತದೆ, ಗಾಬರಿ ಬೇಡ.

ಗಾಬರಿಪಡಬೇಕಾದದ್ದು ಬಿಟ್‌ಲಾಕರ್‌ಗೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಹೊಕ್ಕರೆ ಡಿಸ್ಕು ಸದ್ದಿಲ್ಲದೆ ಎನ್‌ಕ್ರಿಪ್ಟ್ ಆಗಿರುತ್ತದೆ. ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಇರುವುದು ಲ್ಯಾಪ್‌ಟಾಪ್ ಹೊಸದಾಗಿ ಶುರು ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ನಮ್ಮ ಕಡೆ ಆ ಅಕೌಂಟು ಅಂಗಡಿಯವನದಾಗಿರುತ್ತದೆ, ಅಥವಾ ಅವನು ಅಲ್ಲೇ ಕೂತು ಸೃಷ್ಟಿಸಿದ, ಯಾರಿಗೂ ಪಾಸ್‌ವರ್ಡ್ ನೆನಪಿಲ್ಲದ ಇಮೇಲ್ ಆಗಿರುತ್ತದೆ. ಕೀ ಇಲ್ಲದೆ ಬಿಟ್‌ಲಾಕರ್ ಬಿಚ್ಚಿಕೊಡುತ್ತೇನೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ, ಮೈಕ್ರೋಸಾಫ್ಟ್‌ನವರ ಬಳಿಯೂ ಕಳೆದ ಕೀಯನ್ನು ಮತ್ತೆ ಹುಟ್ಟಿಸುವ ಉಪಾಯವಿಲ್ಲ. ಅಪ್‌ಗ್ರೇಡ್‌ಗೆ ಮುಂಚೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ. ಹಳೇ ಪದ್ಧತಿ, ಆದರೆ ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ.

"ಎಲ್ಲಾ ಗೂಗಲ್‌ನಲ್ಲಿ ಇದೆ ಬಿಡಿ"

ಎಲ್ಲಾ ಇಲ್ಲ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 5 ಜಿಬಿ. ಗೂಗಲ್ ಫೋಟೋಸ್‌ನ ಉಚಿತ ಅನಿಯಮಿತ ಜಾಗ 2021ರ ಜೂನ್ 1ಕ್ಕೇ ಮುಗಿಯಿತು. ಜಾಗ ತುಂಬಿದ ದಿನದಿಂದ ಹೊಸದೇನೂ ಮೇಲೆ ಹೋಗಿರುವುದಿಲ್ಲ, ಆ ಎಚ್ಚರಿಕೆಯ ಇಮೇಲನ್ನು ಯಾರೂ ಓದಿರುವುದೂ ಇಲ್ಲ.

ಒನ್‌ಡ್ರೈವ್ ಇನ್ನೊಂದು ಆಟ ಆಡುತ್ತದೆ. ಜಾಗ ಉಳಿಸಲು ಕೆಲವು ಫೈಲುಗಳ ಹೆಸರನ್ನು ಮಾತ್ರ ನಿಮ್ಮ ಯಂತ್ರದಲ್ಲಿಟ್ಟು, ತಿರುಳನ್ನು ಮೋಡದಲ್ಲಿ ಇಟ್ಟಿರುತ್ತದೆ. ಅಂಥ ಡಿಸ್ಕನ್ನು ಬಿಚ್ಚಿ ಬೇರೆಡೆ ನಕಲು ಮಾಡಿದರೆ ಹೆಸರುಗಳೆಲ್ಲ ಇವೆ, ಒಂದೂ ತೆರೆಯುವುದಿಲ್ಲ. ಇನ್ನು ಸಿಂಕ್ ಎಂಬುದು ಬ್ಯಾಕಪ್ ಅಲ್ಲವೇ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ವೈಯಕ್ತಿಕ ಒನ್‌ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಸಿಗುತ್ತದೆ, ಆಮೇಲೆ ಇಲ್ಲ.

"ಫೋಟೋಗಳ ತಾರೀಕೆಲ್ಲ ಹೋಯ್ತು"

ವಾಣಿವಿಲಾಸ ಸಾಗರ ಜಲಾಶಯ, ಹಿರಿಯೂರಿನವರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷದ ಮೇಲೆ ಕಂಡ ನೀರನ್ನು ಅಜ್ಜಿಯರಿಂದ ಹಿಡಿದು ಅಂಗನವಾಡಿ ಮಕ್ಕಳವರೆಗೆ ಹೋಗಿ ನೋಡಿ ಬಂದರು, ಪ್ರತಿ ಮನೆಯಲ್ಲೂ ಫೋಟೋ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಬ್ಯಾಕಪ್‌ನಿಂದ ವಾಪಸ್ ತಂದಾಗ ಎರಡೂ ಕಂತಿನ ಫೋಟೋಗಳಿಗೆ ನಕಲು ಮಾಡಿದ ದಿನದ ತಾರೀಕು ಕಂಡು, ಯಾವುದು ಯಾವ ವರ್ಷದ್ದು ಎಂಬ ಗೊಂದಲ ಹುಟ್ಟುತ್ತದೆ.

ಬದಲಾಗುವುದು ಫೈಲು "ಸೃಷ್ಟಿಯಾದ" ತಾರೀಕು ಮಾತ್ರ. ಕ್ಯಾಮೆರಾ ಅಥವಾ ಫೋನು ಕ್ಲಿಕ್ಕಿಸಿದ ಕ್ಷಣದಲ್ಲಿ ಫೋಟೋದ ಒಳಗೇ ಬರೆದಿಟ್ಟ ದಿನಾಂಕ ಎಷ್ಟು ಸಲ ನಕಲು ಮಾಡಿದರೂ ಉಳಿಯುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ "ತೆಗೆದ ದಿನಾಂಕ"ದ ಪ್ರಕಾರ ಜೋಡಿಸಿದರೆ ಎಲ್ಲ ಸಾಲಾಗಿ ನಿಲ್ಲುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದವುಗಳಿಗೆ ಮಾತ್ರ ಈ ರಕ್ಷೆಯಿಲ್ಲ. ವಾಟ್ಸ್‌ಆ್ಯಪ್ ಒಳಗಿನ ದಿನಾಂಕವನ್ನು ಕಿತ್ತು, ಚಿತ್ರವನ್ನೂ ಕುಗ್ಗಿಸಿ ಕಳಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಉಳಿದ ಅಂಥ ಚಿತ್ರಗಳ ಹೆಸರಿನಲ್ಲೇ 20220905 ಎಂಬಂಥ ಅಂಕಿ ಇರುತ್ತದೆ, ಅದು ಬಂದ ದಿನ. ಹಾಗಾಗಿ ಫೋಟೋಗಳಿಗೆ ಚೆಂದದ ಹೆಸರಿಡುವ ಉತ್ಸಾಹದಲ್ಲಿ ಆ ಅಂಕಿಯನ್ನು ಅಳಿಸಬೇಡಿ.

"ಬ್ಯಾಕಪ್ ತೆಗೆದ ಸಾಫ್ಟ್‌ವೇರ್ ಇಲ್ಲದೆ ಏನೂ ಸಿಗಲ್ಲ"

ಕೆಲವು ಸಲ ನಿಜ, ಹಲವು ಸಲ ಅಲ್ಲ. ವಿಂಡೋಸ್ 7ರ ಬ್ಯಾಕಪ್ ಮಾಡಿದ ಫೋಲ್ಡರಿನ ಒಳಹೊಕ್ಕು ನೋಡಿದರೆ ಸಾಲುಸಾಲು ಜಿಪ್ ಫೈಲುಗಳು. ಅವನ್ನು ನೇರವಾಗಿ ಬಿಚ್ಚಬಹುದು. ವಿಂಡೋಸ್ 8ರಿಂದ ಬಂದ ಫೈಲ್ ಹಿಸ್ಟರಿ ಪ್ರತಿ ಆವೃತ್ತಿಯ ಹೆಸರಿಗೂ ದಿನಾಂಕ, ಸಮಯ ಅಂಟಿಸಿ ಇಡುತ್ತದೆ. ಕೈಯಿಂದ ನಕಲು ಮಾಡಿದರೆ ಒಂದೇ ಪತ್ರದ ಹತ್ತಾರು ಪ್ರತಿ ಬರುತ್ತವೆ, ಕೊನೆಯದನ್ನು ಆರಿಸಿಕೊಳ್ಳಬೇಕು. ಕಷ್ಟವಿರುವುದು ಎಕ್ಸ್‌ಪಿ ಕಾಲದ ಬಿಕೆಎಫ್ ಫೈಲುಗಳಿಗೆ. ಅವನ್ನು ತೆರೆಯುವ ಉಪಕರಣವನ್ನು ವಿಸ್ಟಾದಿಂದಲೇ ಕೈಬಿಡಲಾಯಿತು.

ಸಿಸ್ಟಂ ಇಮೇಜ್ ಎಂಬುದರ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಅದನ್ನು "ರೀಸ್ಟೋರ್" ಮಾಡಿದರೆ ಬರೀ ಫೈಲು ಬರುವುದಿಲ್ಲ, ಹಳೆಯ ವಿಂಡೋಸೇ ಇಡಿಯಾಗಿ ಬಂದು ಹೊಸದನ್ನು ಅಳಿಸುತ್ತದೆ. ಬೇಕಾದ್ದು ನಾಲ್ಕು ಫೋಟೋ ಆದರೆ ಇಮೇಜಿನ ಒಳಗಿನ ಡಿಸ್ಕ್ ಫೈಲನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಡ್ರೈವ್‌ನಂತೆ ಜೋಡಿಸಿ, ಹೆಕ್ಕಿಕೊಂಡು ಬಂದರೆ ಸಾಕು.

"ಪೆನ್‌ಡ್ರೈವ್‌ನಲ್ಲಿ ಫೈಲೇ ಇಲ್ಲ, ಬರೀ ಶಾರ್ಟ್‌ಕಟ್"

ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ ಸುತ್ತಿ ಬಂದ ಪೆನ್‌ಡ್ರೈವ್‌ಗಳ ಮಾಮೂಲಿ ಕಾಯಿಲೆ. ವೈರಸ್ಸು ಫೈಲುಗಳನ್ನು ಅಳಿಸಿಲ್ಲ, ಮರೆಮಾಡಿದೆ. ಮೊದಲು ಆ್ಯಂಟಿವೈರಸ್ ಓಡಿಸಿ, ಆಮೇಲೆ ಮರೆಯಾದವನ್ನು ಹೊರಗೆ ತನ್ನಿ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೆ ಹೊಸ ಸಿಸ್ಟಂಗೂ ಅದೇ ಕಾಯಿಲೆ.

"ಫಾರ್ಮ್ಯಾಟ್ ಆದಮೇಲೂ ರಿಕವರಿ ಮಾಡಿಸಬಹುದು"

ತಿರುಗುವ ಹಾರ್ಡ್ ಡಿಸ್ಕಿನಲ್ಲಿ, ಅದರ ಮೇಲೆ ಹೊಸದೇನೂ ಬರೆಯದಿದ್ದರೆ, ಒಂದು ಮಟ್ಟಿಗೆ ಸಾಧ್ಯ. ಎಸ್‌ಎಸ್‌ಡಿಯಲ್ಲಿ ಆಸೆ ಬಿಡಿ. ಫೈಲು ಅಳಿಸಿದ ಕೂಡಲೇ ಟ್ರಿಮ್ ಎಂಬ ಆದೇಶ ಹೋಗಿ, ಡ್ರೈವು ಆ ಜಾಗವನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಹಳೇ ಯಂತ್ರ ಚುರುಕಾಗಲಿ ಎಂದು ಎಸ್‌ಎಸ್‌ಡಿ ಹಾಕಿಸಿದವರು ಚುರುಕಿನ ಜೊತೆ ಇದನ್ನೂ ಕೊಂಡುಕೊಂಡಿದ್ದಾರೆ.

"ಕಾಪಿ 100% ಆಯ್ತು, ಹಳೇದು ಅಳಿಸಬಹುದು"

ಪಿಕ್ಸಾರ್ ಸಂಸ್ಥೆ 'ಟಾಯ್ ಸ್ಟೋರಿ 2' ತಯಾರಿಸುತ್ತಿದ್ದಾಗ ಒಂದು ತಪ್ಪು ಕಮಾಂಡಿನಿಂದ ಚಿತ್ರದ ಹೆಚ್ಚಿನ ಭಾಗ ಅಳಿಸಿಹೋಯಿತು. ಬ್ಯಾಕಪ್ ಇತ್ತು, ಆದರೆ ಅದು ಕೆಲವು ಕಾಲದಿಂದ ಸರಿಯಾಗಿ ದಾಖಲಾಗುತ್ತಲೇ ಇರಲಿಲ್ಲ. ವಾಪಸ್ ತಂದು ನೋಡುವವರೆಗೂ ಯಾರಿಗೂ ಗೊತ್ತಿರಲಿಲ್ಲ. ಮಗು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದದ್ದರಿಂದ ಚಿತ್ರ ಬದುಕಿತು, 1999ರಲ್ಲಿ ತೆರೆ ಕಂಡಿತು. ಅಷ್ಟು ದೊಡ್ಡ ಸ್ಟುಡಿಯೊ ಮಾಡಿದ ತಪ್ಪನ್ನೇ ನಮ್ಮ ಊರಿನ ಮದುವೆ ವಿಡಿಯೊದವರೂ ಸಣ್ಣ ಪ್ರಮಾಣದಲ್ಲಿ ಮಾಡುತ್ತಾರೆ.

ಹೇಗೆಂದರೆ, ಫ್ಯಾಟ್32 ರೂಪದಲ್ಲಿರುವ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಸುವುದಿಲ್ಲ, ಡ್ರೈವು 64 ಜಿಬಿಯದಾದರೂ ಅಷ್ಟೇ. ಮದುವೆಯ ಪೂರ್ತಿ ವಿಡಿಯೊ ಆ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಕಂಪ್ಯೂಟರ್ ಆಗ "ಫೈಲು ದೊಡ್ಡದು, ಬಿಟ್ಟು ಮುಂದೆ ಹೋಗಲೇ" ಎಂದು ಕೇಳುತ್ತದೆ. ಟೀ ಕುಡಿಯಲು ಎದ್ದುಹೋಗಿದ್ದವರು ಬಂದು "ಸ್ಕಿಪ್" ಒತ್ತುತ್ತಾರೆ. ಉಳಿದದ್ದೆಲ್ಲ ಕಾಪಿ ಆಗಿ 100% ಎಂದು ತೋರಿಸುತ್ತದೆ. ಧಾರೆಯೊಂದೇ ಇರುವುದಿಲ್ಲ. ಡ್ರೈವನ್ನು ಎಕ್ಸ್‌ಫ್ಯಾಟ್‌ಗೋ ಎನ್‌ಟಿಎಫ್‌ಎಸ್‌ಗೋ ಮೊದಲೇ ಬದಲಿಸಿಕೊಂಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನ್ಯೂ ಫೋಲ್ಡರಿನ ಒಳಗೆ ಇನ್ನೊಂದು ನ್ಯೂ ಫೋಲ್ಡರ್, ಅದರೊಳಗೆ ಮತ್ತೊಂದು ಎಂದು ಆಳಕ್ಕೆ ಇಳಿದವರಿಗೆ ಇನ್ನೊಂದು ಕಂಟಕ: ಪೂರ್ತಿ ವಿಳಾಸ 260 ಅಕ್ಷರದ ಆಸುಪಾಸು ಮುಟ್ಟಿದರೆ ಅಲ್ಲಿಯೂ ಇದೇ "ಸ್ಕಿಪ್".

ಆದ್ದರಿಂದ ಮೊದಲು ಹಳೆಯ ಮತ್ತು ಹೊಸ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ಎರಡೂ ತಾಳೆಯಾಗುತ್ತವೆಯೇ ನೋಡಿ. ಆಮೇಲೆ ಒಂದೊಂದು ಬಗೆಯಿಂದ ಒಂದೊಂದನ್ನು ತೆರೆಯಿರಿ. ನುಡಿಯಲ್ಲಿ ಬರೆದ ಒಂದು ಪತ್ರ ಕನ್ನಡದಲ್ಲೇ ಕಾಣುತ್ತದೆಯೇ? ಟ್ಯಾಲಿಯಲ್ಲಿ ಹಿಂದಿನ ಮಾರ್ಚ್ 31ರ ಶಿಲ್ಕು ಕಾಗದದ ಮೇಲಿನದಕ್ಕೆ ಕೂಡುತ್ತದೆಯೇ? ವಿಡಿಯೊದ ಮೊದಲ ನಿಮಿಷವಲ್ಲ, ನಡುಭಾಗ ಓಡುತ್ತದೆಯೇ? ಇದನ್ನೆಲ್ಲ ಮಾಡಿದ ಮೇಲೂ ಹಳೆಯ ಡಿಸ್ಕನ್ನು ಒಂದು ಆರ್ಥಿಕ ವರ್ಷ ಮುಗಿಯುವವರೆಗೆ ಮುಟ್ಟದೆ ಇಡುವುದು ಲೇಸು. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಫೈಲು ಕಾಣೆಯಾಗಿರುವುದು ಅದು ಬೇಕಾದ ದಿನವೇ ಗೊತ್ತಾಗುವುದು. ಜೊತೆಗೆ ಆ ಡಿಸ್ಕನ್ನು ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿ ಇಡಬೇಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕನ್ನೂ ಬಿಡುವುದಿಲ್ಲ.